ಎಲ್ಲ ಎಳೆತಕ್ಕೂ ಎರಡೇ ಮೂಲ

ಬಲ ಎಂದರೆ ತಳ್ಳುವುದು ಅಥವಾ ಎಳೆಯುವುದು. ಬಾವಿಯಿಂದ ನೀರು ಸೇದುವುದು, ಎತ್ತು ನೇಗಿಲು ಎಳೆಯುವುದು, ತೊಟ್ಟು ಕಳಚಿದ ಮಾವಿನಕಾಯಿ ನೆಲಕ್ಕೆ ಬೀಳುವುದು, ಸೂಜಿಗಲ್ಲಿಗೆ ಮೊಳೆ ಅಂಟಿಕೊಳ್ಳುವುದು, ಫ್ಯಾನು ತಿರುಗುವುದು, ಸಿಡಿಲು ಬಡಿಯುವುದು ಎಲ್ಲದರ ಹಿಂದೆಯೂ ಬಲವಿದೆ. ಶಾಲೆಯ ಪುಸ್ತಕ ಇವಕ್ಕೆ ಒಂದೊಂದು ಹೆಸರು ಕೊಡುತ್ತದೆ: ಸ್ನಾಯುಬಲ, ಘರ್ಷಣೆ, ಗುರುತ್ವಬಲ, ಕಾಂತಬಲ, ಸ್ಥಾಯೀವಿದ್ಯುತ್ ಬಲ. ಮಕ್ಕಳು ಪಟ್ಟಿಯನ್ನು ಬಾಯಿಪಾಠ ಮಾಡಿ ಪರೀಕ್ಷೆಯಲ್ಲಿ ಬರೆಯುತ್ತಾರೆ. ನಿತ್ಯದ ಬದುಕಿನಲ್ಲಿ ಕಾಣುವ ಇಷ್ಟೂ ಬಲಗಳು ಮೂಲದಲ್ಲಿ ಎರಡೇ ಎಂಬ ಮಾತು ಮಾತ್ರ ಎಷ್ಟೋ ತರಗತಿಗಳಲ್ಲಿ ಹೇಳದೆಯೇ ಉಳಿದುಹೋಗುತ್ತದೆ. ಭೌತವಿಜ್ಞಾನ ಕಂಡುಕೊಂಡ ಅತಿ ದೊಡ್ಡ ಸಂಗತಿಗಳಲ್ಲಿ ಅದೂ ಒಂದು. ಆ ಎರಡರಲ್ಲಿ ಒಂದು ಗುರುತ್ವ, ಇನ್ನೊಂದು ವಿದ್ಯುತ್ಕಾಂತ ಬಲ. ಪಟ್ಟಿಯಲ್ಲಿರುವ ಉಳಿದವೆಲ್ಲ ಇವೆರಡರ ವೇಷಗಳು.

ಮೊದಲು ಬಲ ಮಾಡುವ ಕೆಲಸ ಏನೆಂದು ನೋಡಬೇಕು. ಬಲ ಇರುವ ತನಕ ವಸ್ತು ಚಲಿಸುತ್ತದೆ, ಬಲ ನಿಂತರೆ ವಸ್ತುವೂ ನಿಲ್ಲುತ್ತದೆ ಎಂದು ಗ್ರೀಸಿನ ಅರಿಸ್ಟಾಟಲ್‌ನ ಕಾಲದಿಂದ ಸುಮಾರು ಎರಡು ಸಾವಿರ ವರ್ಷ ನಂಬಲಾಗಿತ್ತು. ಗಾಡಿ ತಳ್ಳಿದ ಯಾರಿಗೇ ಆದರೂ ಅದು ನಿಜವೆಂದೇ ಅನಿಸುತ್ತದೆ. ಇಟಲಿಯ ಗೆಲಿಲಿಯೊ ಇಳಿಜಾರು ಹಲಗೆಗಳ ಮೇಲೆ ಗುಂಡುಗಳನ್ನು ಉರುಳಿಸಿ ಇದನ್ನು ಪ್ರಶ್ನಿಸಿದ. ನೆಲ ನುಣುಪಾದಷ್ಟೂ ಗುಂಡು ದೂರ ಹೋಗುತ್ತದೆ; ತಡೆಯುವ ಘರ್ಷಣೆಯೇ ಇಲ್ಲದಿದ್ದರೆ ಅದು ನಿಲ್ಲಲು ಕಾರಣವೇ ಇರದು. 1687ರಲ್ಲಿ ಪ್ರಕಟವಾದ 'ಪ್ರಿನ್ಸಿಪಿಯಾ' ಗ್ರಂಥದಲ್ಲಿ ಐಸಾಕ್ ನ್ಯೂಟನ್ ಇದನ್ನೇ ಚಲನೆಯ ಮೊದಲ ನಿಯಮವಾಗಿಸಿದ. ಬಲ ಬೇಕಾಗುವುದು ಚಲನೆಗಲ್ಲ, ಚಲನೆಯ ಬದಲಾವಣೆಗೆ. 1977ರಲ್ಲಿ ಹಾರಿಸಿದ ವಾಯೇಜರ್ 1 ನೌಕೆ ತಳ್ಳುವ ಎಂಜಿನ್ನಿನ ನೆರವಿಲ್ಲದೆ ಇಂದಿಗೂ ಸೆಕೆಂಡಿಗೆ ಸುಮಾರು 17 ಕಿಲೋಮೀಟರ್ ವೇಗದಲ್ಲಿ ಸೂರ್ಯನಿಂದ ದೂರ ಸಾಗುತ್ತಲೇ ಇದೆ.

ಎರಡನೆಯ ನಿಯಮ ಇದಕ್ಕೆ ಲೆಕ್ಕ ಕೊಡುತ್ತದೆ. ವಸ್ತುವಿನ ರಾಶಿಯನ್ನು ಅದರ ವೇಗೋತ್ಕರ್ಷದಿಂದ ಗುಣಿಸಿದರೆ ಬಲ ಸಿಗುತ್ತದೆ. ಒಂದು ಕಿಲೋಗ್ರಾಂ ರಾಶಿಯ ವೇಗವನ್ನು ಪ್ರತಿ ಸೆಕೆಂಡಿಗೆ ಸೆಕೆಂಡಿಗೊಂದು ಮೀಟರಿನಷ್ಟು ಹೆಚ್ಚಿಸುವ ಬಲಕ್ಕೆ ಒಂದು ನ್ಯೂಟನ್ ಎಂದು ಹೆಸರು. ನೂರು ಗ್ರಾಂ ತೂಗುವ ನಿಂಬೆಹಣ್ಣನ್ನು ಅಂಗೈಯಲ್ಲಿ ಹಿಡಿದರೆ ಕೈಗೆ ತಾಗುವ ಭಾರ ಹೆಚ್ಚುಕಡಿಮೆ ಅಷ್ಟು. ಮೂರನೆಯ ನಿಯಮವನ್ನು ಎಲ್ಲರೂ ಬಲ್ಲರು, ಆದರೆ ತಪ್ಪಾಗಿ ಬಲ್ಲವರೇ ಹೆಚ್ಚು. ಪ್ರತಿ ಕ್ರಿಯೆಗೂ ಸಮನಾದ, ವಿರುದ್ಧವಾದ ಪ್ರತಿಕ್ರಿಯೆ ಇದೆಯೆಂದ ಮೇಲೆ ಎರಡೂ ಒಂದನ್ನೊಂದು ರದ್ದು ಮಾಡಿ ಯಾವುದೂ ಅಲ್ಲಾಡಬಾರದಲ್ಲ ಎಂದು ಜಾಣ ಮಗುವೊಂದು ಕೇಳಿದರೆ ಉತ್ತರ ಸರಳವಿದೆ: ಆ ಎರಡು ಬಲಗಳು ಎರಡು ಬೇರೆ ವಸ್ತುಗಳ ಮೇಲೆ ಬೀಳುತ್ತವೆ. ನಡೆಯುವವನ ಪಾದ ನೆಲವನ್ನು ಹಿಂದಕ್ಕೆ ಒತ್ತುತ್ತದೆ, ನೆಲ ಅವನನ್ನು ಮುಂದಕ್ಕೆ ತಳ್ಳುತ್ತದೆ. ರದ್ದಾಗಬೇಕಾದರೆ ಎರಡೂ ಒಂದೇ ವಸ್ತುವಿನ ಮೇಲೆ ಇರಬೇಕು. ಈ ಒಂದು ವಾಕ್ಯವನ್ನು ನಿಯಮದ ಜೊತೆಗೇ ಅಚ್ಚು ಮಾಡಿದ್ದರೆ ಎಷ್ಟೋ ಗೊಂದಲ ತಪ್ಪುತ್ತಿತ್ತು.

ಎರಡು ಮೂಲಬಲಗಳಲ್ಲಿ ಮನುಷ್ಯ ಮೊದಲು ಲೆಕ್ಕಕ್ಕೆ ತಂದದ್ದು ಗುರುತ್ವವನ್ನು. ವಸ್ತುಗಳು ಕೆಳಕ್ಕೆ ಬೀಳುತ್ತವೆ ಎಂಬುದು ನ್ಯೂಟನ್‌ಗೂ ಮೊದಲೇ ಎಲ್ಲರಿಗೂ ಗೊತ್ತಿತ್ತು. ಹಣ್ಣನ್ನು ಬೀಳಿಸುವ ಎಳೆತವೇ ಚಂದ್ರನನ್ನೂ ಹಿಡಿದಿಟ್ಟಿದೆ ಎಂಬುದು ಅವನು ಕಂಡ ಹೊಸ ಸಂಗತಿ. ಅದನ್ನು ಅವನು ಪರೀಕ್ಷಿಸಿದ ರೀತಿಯನ್ನು ಹತ್ತನೇ ತರಗತಿಯ ಹುಡುಗಿಯೂ ಕಾಗದದ ಮೇಲೆ ಮಾಡಿ ನೋಡಬಹುದು. ಭೂಮಿಯ ತ್ರಿಜ್ಯ ಸುಮಾರು 6,370 ಕಿಲೋಮೀಟರ್. ಭೂಮಿಯ ಕೇಂದ್ರದಿಂದ ಚಂದ್ರನಿಗಿರುವ ದೂರ ಸುಮಾರು 3,84,000 ಕಿಲೋಮೀಟರ್, ಅಂದರೆ ತ್ರಿಜ್ಯದ ಅರವತ್ತು ಪಟ್ಟು. ದೂರ ಎರಡರಷ್ಟಾದರೆ ಬಲ ನಾಲ್ಕನೆಯ ಒಂದು ಪಾಲಿಗೆ, ಮೂರರಷ್ಟಾದರೆ ಒಂಬತ್ತನೆಯ ಒಂದು ಪಾಲಿಗೆ ಇಳಿಯುವುದಾದರೆ, ಅರವತ್ತರಷ್ಟು ದೂರದಲ್ಲಿ ಅದು 3,600ನೇ ಒಂದು ಪಾಲಾಗಬೇಕು. ನೆಲದ ಬಳಿ ಕೈಬಿಟ್ಟ ವಸ್ತು ಮೊದಲ ಸೆಕೆಂಡಿನಲ್ಲಿ 4.9 ಮೀಟರ್ ಬೀಳುತ್ತದೆ. ಚಂದ್ರ ಬೀಳಬೇಕಾದದ್ದು ಅದರ 3,600ನೇ ಭಾಗ, ಸುಮಾರು 1.4 ಮಿಲಿಮೀಟರ್. ಚಂದ್ರನ ಕಕ್ಷೆ ನೇರ ಗೆರೆಯನ್ನು ಬಿಟ್ಟು ಭೂಮಿಯ ಕಡೆಗೆ ಸೆಕೆಂಡಿಗೆ ಎಷ್ಟು ಬಾಗುತ್ತದೆಂದು ಲೆಕ್ಕ ಹಾಕಿದರೂ ಅಷ್ಟೇ ಬರುತ್ತದೆ. ಚಂದ್ರ ಸದಾ ಬೀಳುತ್ತಲೇ ಇದ್ದಾನೆ. ಅಡ್ಡಕ್ಕೆ ಸಾಗುವ ವೇಗವೂ ಇರುವುದರಿಂದ ಬಿದ್ದಷ್ಟೂ ಭೂಮಿಯ ಸುತ್ತ ತಿರುಗುತ್ತಾನೆ.

ನಿಯಮವೇನೋ ಸಿಕ್ಕಿತು, ಆದರೆ ಎಳೆತ ಎಷ್ಟು ಗಟ್ಟಿ ಎಂಬ ಅಳತೆ ಸಿಗಲು ಇನ್ನೂ ನೂರು ವರ್ಷ ಹಿಡಿಯಿತು. 1797-98ರಲ್ಲಿ ಲಂಡನ್ನಿನ ತನ್ನ ಮನೆಯಲ್ಲಿ ಹೆನ್ರಿ ಕ್ಯಾವೆಂಡಿಷ್ ಮರದ ದಂಡವೊಂದನ್ನು ತಂತಿಯಿಂದ ಅಡ್ಡಲಾಗಿ ತೂಗುಬಿಟ್ಟ. ದಂಡದ ತುದಿಗಳಲ್ಲಿ ಸುಮಾರು 730 ಗ್ರಾಮಿನ ಎರಡು ಸೀಸದ ಗುಂಡುಗಳು, ಅವುಗಳ ಪಕ್ಕಕ್ಕೆ ಸುಮಾರು 158 ಕಿಲೋಗ್ರಾಮಿನ ಎರಡು ದೊಡ್ಡ ಗುಂಡುಗಳು. ದೊಡ್ಡವು ಚಿಕ್ಕವನ್ನು ಎಳೆದಾಗ ತಂತಿ ಕೂದಲೆಳೆಯಷ್ಟು ತಿರುಚಿಕೊಳ್ಳಬೇಕು. ಮನುಷ್ಯನ ಮೈಬಿಸಿಯಿಂದ ಏಳುವ ಗಾಳಿಯೂ ಅದನ್ನು ಕೆಡಿಸಬಲ್ಲದಾದ್ದರಿಂದ ಇಡೀ ಸಲಕರಣೆಯನ್ನು ಕೋಣೆಯೊಳಗೆ ಮುಚ್ಚಿಟ್ಟು, ಹೊರಗೆ ನಿಂತು ದೂರದರ್ಶಕದಲ್ಲಿ ನೋಡಿ ಅಳತೆ ತೆಗೆದುಕೊಂಡ. ಭೂಮಿಯ ಸರಾಸರಿ ಸಾಂದ್ರತೆ ನೀರಿನ 5.48ರಷ್ಟು ಎಂದು ಅವನ ಉತ್ತರ ಬಂತು. ಇಂದಿನ ಅಂಕಿ 5.51. ಆ ಸಾಂದ್ರತೆ ತಿಳಿದರೆ ಭೂಮಿಯ ರಾಶಿ ತಿಳಿದಂತೆಯೇ. ಮನೆಯಲ್ಲಿದ್ದುಕೊಂಡು ಭೂಮಿಯನ್ನೇ ತೂಗಿದ ಈ ಪ್ರಯೋಗಕ್ಕೆ ಪಠ್ಯಪುಸ್ತಕದಲ್ಲಿ ಇನ್ನಷ್ಟು ಜಾಗ ಸಿಗಬೇಕು.

ಅವನ ಅಳತೆಯಿಂದ ಹೊರಬಿದ್ದ ಇನ್ನೊಂದು ಸಂಗತಿ ಗುರುತ್ವ ಎಷ್ಟು ದುರ್ಬಲ ಎಂಬುದು. ಒಂದೊಂದು ಕಿಲೋಗ್ರಾಮಿನ ಎರಡು ವಸ್ತುಗಳನ್ನು ಒಂದು ಮೀಟರ್ ಅಂತರದಲ್ಲಿಟ್ಟರೆ ಅವು ಪರಸ್ಪರ ಎಳೆಯುವ ಬಲ ಒಂದು ನ್ಯೂಟನ್‌ನ 1,500 ಕೋಟಿ ಪಾಲುಗಳಲ್ಲಿ ಒಂದು. ನೆಲದ ಎಳೆತ ಕೈಕಾಲಿಗೆ ತಿಳಿಯುವುದು ಎಳೆಯುವ ಭೂಮಿ ಅಷ್ಟು ದೊಡ್ಡದಾದ್ದರಿಂದ ಮಾತ್ರ. ಆ ಎಳೆತದಿಂದ ನೆಲದ ಬಳಿ ಬೀಳುವ ವಸ್ತುವಿನ ವೇಗ ಪ್ರತಿ ಸೆಕೆಂಡಿಗೆ ಸೆಕೆಂಡಿಗೆ ಸುಮಾರು 9.8 ಮೀಟರಿನಷ್ಟು ಹೆಚ್ಚುತ್ತದೆ. ಸಮಭಾಜಕದಲ್ಲಿ ಇದು 9.78, ಧ್ರುವಗಳಲ್ಲಿ 9.83. ಭಾರದ ಕಲ್ಲಿಗೂ ಹಗುರ ಕಲ್ಲಿಗೂ ಅಂಕಿ ಒಂದೇ: ಭಾರದ್ದನ್ನು ಭೂಮಿ ಹೆಚ್ಚು ಬಲದಿಂದ ಎಳೆಯುತ್ತದೆ, ಅದನ್ನು ಕದಲಿಸುವುದೂ ಅಷ್ಟೇ ಪಟ್ಟು ಕಷ್ಟ. 1971ರ ಆಗಸ್ಟಿನಲ್ಲಿ ಅಪೊಲೊ 15ರ ಗಗನಯಾನಿ ಡೇವಿಡ್ ಸ್ಕಾಟ್ ಗಾಳಿಯಿಲ್ಲದ ಚಂದ್ರನ ಮೇಲೆ ಸುತ್ತಿಗೆ ಮತ್ತು ಹಕ್ಕಿಯ ಗರಿಯನ್ನು ಒಟ್ಟಿಗೆ ಕೈಬಿಟ್ಟಾಗ ಎರಡೂ ಒಂದೇ ಕ್ಷಣಕ್ಕೆ ನೆಲ ಮುಟ್ಟಿದವು. ರಾಶಿ ಎಂಬುದು ವಸ್ತುವಿನ ಸ್ವಂತ ಆಸ್ತಿ, ಎಲ್ಲಿಗೆ ಹೋದರೂ ಬದಲಾಗದು. ತೂಕ ಎಂಬುದು ಆ ರಾಶಿಯ ಮೇಲೆ ಬೀಳುವ ಗುರುತ್ವಬಲ. ಚಂದ್ರನ ಮೇಲೆ ಅದು ಆರನೆಯ ಒಂದು ಪಾಲು. ಅಂಗಡಿಯ ತಕ್ಕಡಿ ಎರಡೂ ತಟ್ಟೆಗಳನ್ನು ಹೋಲಿಸುವುದರಿಂದ ಚಂದ್ರನ ಮೇಲೂ ಸರಿಯಾದ ರಾಶಿಯನ್ನೇ ಹೇಳುತ್ತದೆ, ಸ್ಪ್ರಿಂಗ್ ತಕ್ಕಡಿ ಹೇಳದು.

ಅಂತರಿಕ್ಷ ನಿಲ್ದಾಣದಲ್ಲಿ ಗಗನಯಾನಿಗಳು ತೇಲುವುದನ್ನು ನೋಡಿ ಅಲ್ಲಿ ಗುರುತ್ವ ಇಲ್ಲ ಎನ್ನುವ ಮಾತು ಪತ್ರಿಕೆಗಳಲ್ಲೂ ಕಾಣಿಸುತ್ತದೆ. ಅದು ತಪ್ಪು. ಸುಮಾರು 400 ಕಿಲೋಮೀಟರ್ ಎತ್ತರದ ಆ ಕಕ್ಷೆಯಲ್ಲಿ ಗುರುತ್ವ ನೆಲದ ಮೇಲಿರುವುದರ ಶೇಕಡ 89ರಷ್ಟಿದೆ. ನಿಲ್ದಾಣವೂ ಅದರೊಳಗಿನವರೂ ಚಂದ್ರನ ಹಾಗೆಯೇ ಒಟ್ಟಿಗೆ ಬೀಳುತ್ತಿರುವುದರಿಂದ ಕಾಲಡಿಯ ನೆಲ ಅವರನ್ನು ಒತ್ತುವುದಿಲ್ಲ, ಅಷ್ಟೆ. ಎತ್ತರ ಹೆಚ್ಚಿದಂತೆ ಎಳೆತ ಕುಗ್ಗುತ್ತದೆ, ಸುತ್ತುವ ವೇಗವೂ ಕುಗ್ಗುತ್ತದೆ. ಸಮಭಾಜಕದ ನೇರಕ್ಕೆ 35,786 ಕಿಲೋಮೀಟರ್ ಮೇಲೆ ಒಂದು ಸುತ್ತಿಗೆ ಭೂಮಿ ತನ್ನ ಅಕ್ಷದ ಮೇಲೆ ತಿರುಗುವಷ್ಟೇ ಹೊತ್ತು ಬೇಕಾಗುವುದರಿಂದ ಅಲ್ಲಿಟ್ಟ ಉಪಗ್ರಹ ಆಕಾಶದಲ್ಲಿ ಕದಲದೆ ನಿಂತಂತೆ ಕಾಣುತ್ತದೆ. ಇಸ್ರೊದ ಇಂಥ ಉಪಗ್ರಹಗಳ ಮೇಲೆ ನಿಗಾ ಇಡುವ ಮುಖ್ಯ ನಿಯಂತ್ರಣ ಕೇಂದ್ರ ಇರುವುದು ಹಾಸನದಲ್ಲಿ. ಸೂರ್ಯ ಚಂದ್ರರ ಸಣ್ಣ ಎಳೆತಗಳು ಉಪಗ್ರಹವನ್ನು ಮೆಲ್ಲನೆ ಜಾಗ ತಪ್ಪಿಸುತ್ತಿರುತ್ತವೆ. ಆಗಾಗ ಅದನ್ನು ಸ್ವಸ್ಥಾನಕ್ಕೆ ತರುವುದು ಅಲ್ಲಿನವರ ನಿತ್ಯದ ಕೆಲಸ.

ಇನ್ನು ಎರಡನೆಯ ಬಲ. ಒಣಗೂದಲಿಗೆ ಉಜ್ಜಿದ ಪ್ಲಾಸ್ಟಿಕ್ ಬಾಚಣಿಗೆ ಕಾಗದದ ಚೂರುಗಳನ್ನು ಮೇಲಕ್ಕೆ ಎತ್ತುತ್ತದೆ. ಪ್ರತಿ ಮಗುವೂ ಮಾಡಿ ಮರೆತುಬಿಡುವ ಆಟ ಇದು. ಅಲ್ಲಿ ನಡೆದದ್ದನ್ನು ಒಮ್ಮೆ ಗಮನವಿಟ್ಟು ನೋಡಬೇಕು. ಚೂರನ್ನು ಕೆಳಕ್ಕೆ ಎಳೆಯುತ್ತಿರುವುದು ಇಡೀ ಭೂಮಿ. ಮೇಲಕ್ಕೆ ಎಳೆದದ್ದು ಒಂದು ಬಾಚಣಿಗೆಗೆ ತಾತ್ಕಾಲಿಕವಾಗಿ ಬಂದ ಒಂದಿಷ್ಟು ವಿದ್ಯುದಾವೇಶ. ಗೆದ್ದದ್ದು ಬಾಚಣಿಗೆ.

ಆವೇಶದಲ್ಲಿ ಎರಡು ಬಗೆ, ಧನ ಮತ್ತು ಋಣ. ಒಂದೇ ಬಗೆಯವು ಪರಸ್ಪರ ದೂಡುತ್ತವೆ, ಬೇರೆ ಬಗೆಯವು ಸೆಳೆಯುತ್ತವೆ. ಫ್ರಾನ್ಸಿನ ಎಂಜಿನಿಯರ್ ಚಾರ್ಲ್ಸ್ ಕೂಲಂಬ್ 1785ರಲ್ಲಿ ಈ ಬಲವನ್ನು ಅಳೆದ. ಮುಂದೆ ಕ್ಯಾವೆಂಡಿಷ್ ಬಳಸಲಿದ್ದ ಉಪಾಯವನ್ನೇ, ಅಂದರೆ ತಂತಿಯ ತಿರುಚುವಿಕೆಯನ್ನೇ, ಅವನೂ ನೆಚ್ಚಿಕೊಂಡಿದ್ದ. ಸಿಕ್ಕಿದ ನಿಯಮವೂ ಗುರುತ್ವದಂಥದ್ದೇ: ದೂರ ಎರಡರಷ್ಟಾದರೆ ಬಲ ನಾಲ್ಕನೆಯ ಒಂದು ಪಾಲು. ರೂಪ ಒಂದೇ ಆದರೂ ಗಾತ್ರದಲ್ಲಿ ಅಜಗಜಾಂತರ. ಒಂದೊಂದು ಕೂಲಂಬ್ ಆವೇಶವಿರುವ ಎರಡು ಬಿಂದುಗಳನ್ನು ಒಂದು ಮೀಟರ್ ಅಂತರದಲ್ಲಿಡಲು ಸಾಧ್ಯವಾದರೆ ಅವುಗಳ ನಡುವಿನ ಬಲ ಸುಮಾರು 900 ಕೋಟಿ ನ್ಯೂಟನ್, ಅಂದರೆ ಒಂಬತ್ತು ಲಕ್ಷ ಟನ್ನಿನ ಭಾರ. ಜಲಜನಕದ ಪರಮಾಣುವಿನಲ್ಲಿ ಪ್ರೋಟಾನು ಎಲೆಕ್ಟ್ರಾನನ್ನು ವಿದ್ಯುತ್ ಬಲದಿಂದಲೂ ಸೆಳೆಯುತ್ತದೆ, ಗುರುತ್ವದಿಂದಲೂ ಸೆಳೆಯುತ್ತದೆ. ಮೊದಲನೆಯದು ಎರಡನೆಯದರ ಎಷ್ಟು ಪಟ್ಟು ಎಂದು ಬರೆಯಲು 2ರ ಮುಂದೆ 39 ಸೊನ್ನೆಗಳನ್ನು ಇಡಬೇಕು.

ಇಷ್ಟು ಪ್ರಬಲವಾದ ಬಲ ಇದ್ದೂ ಗ್ರಹ ನಕ್ಷತ್ರಗಳ ಲೋಕವನ್ನು ಆಳುವುದು ದುರ್ಬಲ ಗುರುತ್ವ. ಇದರ ಕಾರಣ ಆವೇಶದ ಎರಡು ಬಗೆಗಳಲ್ಲಿದೆ. ಒಂದು ಗ್ರಾಂ ನೀರಿನ ಎಲೆಕ್ಟ್ರಾನುಗಳಲ್ಲಿ ಒಟ್ಟು ಸುಮಾರು 53,500 ಕೂಲಂಬ್ ಋಣ ಆವೇಶವಿದೆ. ಅದರ ಪರಮಾಣು ಬೀಜಗಳಲ್ಲಿ ಕರಾರುವಾಕ್ಕಾಗಿ ಅಷ್ಟೇ ಧನ ಆವೇಶವಿದೆ. ಹೊರಗಿನಿಂದ ನೋಡಿದರೆ ಮೊತ್ತ ಸೊನ್ನೆ. ಗುರುತ್ವದಲ್ಲಿ ಹೀಗೆ ಕಳೆದುಹೋಗಲು ಋಣ ರಾಶಿ ಎಂಬುದೇ ಇಲ್ಲ. ರಾಶಿಗೆ ರಾಶಿ ಸೇರಿದಷ್ಟೂ ಎಳೆತ ಕೂಡುತ್ತಲೇ ಹೋಗುತ್ತದೆ, ಅದನ್ನು ಮರೆಮಾಡುವ ಪರದೆಯೂ ಇಲ್ಲ. ಹಾಗಾಗಿ ದೊಡ್ಡ ವಸ್ತುಗಳ ನಡುವೆ ಉಳಿಯುವ ಲೆಕ್ಕ ಗುರುತ್ವದ್ದೇ. ಬಾಚಣಿಗೆಯ ಆಟದಲ್ಲಿ, ಬ್ಯಾಟರಿಯಲ್ಲಿ, ಸಿಡಿಲಿನಲ್ಲಿ, ವಿದ್ಯುತ್ ಸ್ಥಾವರದಲ್ಲಿ ನಡೆಯುವುದೆಲ್ಲ ಈ ಸಮತೂಕವನ್ನು ಎಳ್ಳಷ್ಟು ಕದಡುವ ಕೆಲಸ. ಮೋಡ ಸಿಡಿಲಿನಲ್ಲಿ ನೆಲಕ್ಕೆ ಸುರಿಯುವುದು ಸಾಮಾನ್ಯವಾಗಿ ಕೆಲವು ಹತ್ತು ಕೂಲಂಬ್‌ಗಳ ಒಳಗೇ. ಒಂದು ಚಮಚ ನೀರಿನಲ್ಲಿ ಸದ್ದಿಲ್ಲದೆ ಕೂಡಿಕೊಂಡಿರುವ ಆವೇಶದ ಮುಂದೆ ಅದು ಏನೂ ಅಲ್ಲ.

ಮುಟ್ಟಿದಾಗ ತಿಳಿಯುವ ಎಲ್ಲ ಬಲಗಳೂ ಈ ವಿದ್ಯುತ್ ಬಲದ ರೂಪಗಳೇ. ಕುರ್ಚಿ ಕುಳಿತವನನ್ನು ಹೊರುವುದು, ಹಗ್ಗ ಬಿಂದಿಗೆಯ ಭಾರ ತಡೆಯುವುದು, ಚಪ್ಪಲಿ ಜಾರದೆ ನೆಲ ಹಿಡಿಯುವುದು, ತೋಳಿನ ಸ್ನಾಯು ಸಂಕುಚಿಸುವುದು ಎಲ್ಲವೂ ಪರಮಾಣುಗಳ ಹೊರವಲಯದ ಎಲೆಕ್ಟ್ರಾನುಗಳು ಪಕ್ಕದವುಗಳೊಂದಿಗೆ ನಡೆಸುವ ವ್ಯವಹಾರ. ಎರಡು ಎಲೆಕ್ಟ್ರಾನುಗಳು ಒಂದೇ ಸ್ಥಿತಿಯಲ್ಲಿ ಇರಲಾರವು ಎಂಬ ಕ್ವಾಂಟಂ ನಿಯಮವೂ ಇದರಲ್ಲಿ ಸೇರಿಕೊಂಡಿದೆ. ವಸ್ತುಗಳು ಒಂದರೊಳಗೊಂದು ಕುಸಿಯದಿರುವುದು ಅದರಿಂದ. ಪರಮಾಣು ಬೀಜದೊಳಗೆ ಇನ್ನೂ ಎರಡು ಬಲಗಳಿವೆ, ಪ್ರಬಲ ಮತ್ತು ದುರ್ಬಲ ಬೈಜಿಕ ಬಲಗಳು. ಅವುಗಳ ಕೈ ಬೀಜದ ಗಾತ್ರವನ್ನು ದಾಟಿ ಚಾಚುವುದಿಲ್ಲವಾದ್ದರಿಂದ ಮನೆ, ಹೊಲ, ರಸ್ತೆಗಳಲ್ಲಿ ಅವುಗಳ ಎಳೆತ ತಳ್ಳಾಟ ಅನುಭವಕ್ಕೆ ಬರುವುದಿಲ್ಲ.

ಪಟ್ಟಿಯಲ್ಲಿ ಉಳಿದದ್ದು ಕಾಂತಬಲ. ಅದೂ ವಿದ್ಯುತ್ತಿನ ಮನೆಯದೇ ಎಂದು ಗೊತ್ತಾಗಲು ಬಹಳ ಕಾಲ ಬೇಕಾಯಿತು. ಕಬ್ಬಿಣವನ್ನು ಸೆಳೆಯುವ ಸೂಜಿಗಲ್ಲು ಮ್ಯಾಗ್ನೆಟೈಟ್ ಎಂಬ ಕಬ್ಬಿಣದ ಅದಿರು. ಗಣಿಗಾರಿಕೆ ನಿಲ್ಲುವವರೆಗೆ ಕುದುರೆಮುಖದ ಬೆಟ್ಟಗಳಿಂದ ತೆಗೆಯುತ್ತಿದ್ದದ್ದೂ ಈ ಜಾತಿಯ ಅದಿರನ್ನೇ. ಇಂಗ್ಲೆಂಡಿನ ವೈದ್ಯ ವಿಲಿಯಂ ಗಿಲ್ಬರ್ಟ್ 1600ರಲ್ಲಿ ಕಾಂತದ ಬಗ್ಗೆ ಒಂದು ಇಡೀ ಗ್ರಂಥವನ್ನೇ ಬರೆದ. ಸೂಜಿಗಲ್ಲಿನ ಗುಂಡೊಂದನ್ನು ಮಾಡಿಸಿ ಅದರ ಮೇಲೆ ಪುಟ್ಟ ಸೂಜಿ ಓಡಾಡಿಸಿ, ಭೂಮಿಯೇ ಒಂದು ದೊಡ್ಡ ಕಾಂತ ಎಂದು ತೋರಿಸಿದ. ದಿಕ್ಸೂಚಿ ಉತ್ತರಕ್ಕೆ ತಿರುಗುವುದು ಆಕಾಶದ ಯಾವುದೋ ನಕ್ಷತ್ರದ ಸೆಳೆತದಿಂದಲ್ಲ, ಕಾಲ ಕೆಳಗಿನ ಭೂಮಿಯಿಂದ. ಸೂಜಿಯ ಉತ್ತರ ಧ್ರುವವನ್ನು ಸೆಳೆಯಬೇಕಾದರೆ ಭೂಮಿಯ ಉತ್ತರದಲ್ಲಿ ಇರಬೇಕಾದದ್ದು ಕಾಂತದ ದಕ್ಷಿಣ ಧ್ರುವ, ಇರುವುದೂ ಅದೇ. ಭೂಮಿಯ ಹೊರ ತಿರುಳಿನ ದ್ರವ ಕಬ್ಬಿಣದ ಚಲನೆಯಿಂದ ಹುಟ್ಟುವ ವಿದ್ಯುತ್ ಪ್ರವಾಹಗಳು ಈ ಕಾಂತಕ್ಷೇತ್ರಕ್ಕೆ ಕಾರಣ. ಅದು ಶಾಶ್ವತವೂ ಅಲ್ಲ: ಸುಮಾರು 7.8 ಲಕ್ಷ ವರ್ಷಗಳ ಹಿಂದೆ ಧ್ರುವಗಳು ಅದಲುಬದಲಾದ ದಾಖಲೆ ಬಂಡೆಗಳಲ್ಲಿ ಉಳಿದಿದೆ. ಭೂಮಿಯ ಕಾಂತ ಸಮಭಾಜಕ ಭಾರತದ ದಕ್ಷಿಣ ತುದಿಯ ಸಮೀಪ ಹಾದುಹೋಗುತ್ತದೆ. ಅದರ ಮೇಲಿನ ವಾತಾವರಣದಲ್ಲಿ ಹರಿಯುವ ವಿದ್ಯುತ್ ಪ್ರವಾಹವನ್ನು ಅಭ್ಯಸಿಸಲು ಅನುಕೂಲವೆಂದೇ ಕೇರಳದ ತುಂಬಾ ಎಂಬ ಮೀನುಗಾರರ ಊರನ್ನು ಆರಿಸಿಕೊಂಡು, 1963ರ ನವೆಂಬರ್ 21ರಂದು ಅಲ್ಲಿಂದ ಮೊದಲ ರಾಕೆಟ್ ಹಾರಿಸಲಾಯಿತು. ಭಾರತದ ಅಂತರಿಕ್ಷ ಕಾರ್ಯಕ್ರಮಕ್ಕೆ ನೆಲ ಒದಗಿಸಿದ್ದು ಕಾಂತತ್ವ.

ಕಾಂತವನ್ನು ಎರಡು ತುಂಡು ಮಾಡಿದರೆ ಉತ್ತರ ಒಂದು ಕಡೆ, ದಕ್ಷಿಣ ಒಂದು ಕಡೆ ಸಿಗುವುದಿಲ್ಲ. ಎರಡು ಪೂರ್ಣ ಕಾಂತಗಳು ಸಿಗುತ್ತವೆ. ಎಷ್ಟು ಚೂರು ಮಾಡಿದರೂ ಇದೇ ಕತೆ, ಏಕೆಂದರೆ ಪ್ರತಿ ಎಲೆಕ್ಟ್ರಾನೂ ಒಂದು ಅತಿ ಪುಟ್ಟ ಕಾಂತ. ಹೆಚ್ಚಿನ ವಸ್ತುಗಳಲ್ಲಿ ಅವು ಜೋಡಿಜೋಡಿಯಾಗಿ ವಿರುದ್ಧ ದಿಕ್ಕಿಗೆ ನಿಂತು ಕಳೆದುಹೋಗುತ್ತವೆ. ಕಬ್ಬಿಣ, ನಿಕ್ಕಲ್, ಕೋಬಾಲ್ಟ್‌ಗಳಲ್ಲಿ ಒಂಟಿ ಉಳಿದವು ನೆರೆಯವರೊಂದಿಗೆ ಒಂದೇ ದಿಕ್ಕಿಗೆ ಮುಖಮಾಡಿ ಸಣ್ಣ ಸಣ್ಣ ವಲಯಗಳಾಗುತ್ತವೆ. ಸಾದಾ ಮೊಳೆಯಲ್ಲಿ ಆ ವಲಯಗಳ ದಿಕ್ಕು ಚೆಲ್ಲಾಪಿಲ್ಲಿ. ಕಾಂತ ಹತ್ತಿರ ಬಂದಾಗ ಅವು ಸಾಲುಗೂಡುತ್ತವೆ, ಮೊಳೆ ತಾನೇ ಕಾಂತವಾಗಿ ಸೆಳೆತಕ್ಕೆ ಸಿಕ್ಕುತ್ತದೆ. ಮೆದು ಕಬ್ಬಿಣದಲ್ಲಿ ಸಾಲು ಬೇಗ ಚದುರುತ್ತದೆ, ಉಕ್ಕಿನಲ್ಲಿ ಉಳಿಯುತ್ತದೆ. ಕಬ್ಬಿಣವನ್ನು 770 ಡಿಗ್ರಿ ಸೆಲ್ಸಿಯಸ್ ದಾಟಿಸಿ ಕಾಯಿಸಿದರೆ ಶಾಖದ ಕಂಪನಕ್ಕೆ ಈ ಒಗ್ಗಟ್ಟು ಒಡೆದು ಅದು ಕಾಂತಕ್ಕೆ ಅಂಟುವುದನ್ನೇ ಬಿಡುತ್ತದೆ.

1820ರಲ್ಲಿ ಕೋಪನ್‌ಹೇಗನ್ನಿನ ಪ್ರಾಧ್ಯಾಪಕ ಹಾನ್ಸ್ ಕ್ರಿಶ್ಚಿಯನ್ ಊರ್ಸ್ಟೆಡ್, ವಿದ್ಯುತ್ ಹರಿಯುವ ತಂತಿಯ ಪಕ್ಕದಲ್ಲಿದ್ದ ದಿಕ್ಸೂಚಿಯ ಮುಳ್ಳು ತಿರುಗುವುದನ್ನು ಕಂಡ. ಅದು ತಂತಿಯ ಕಡೆಗೂ ಅಲ್ಲ, ತಂತಿಯಿಂದ ದೂರಕ್ಕೂ ಅಲ್ಲ, ತಂತಿಗೆ ಅಡ್ಡಲಾಗಿ ತಿರುಗಿತು. ಚಲಿಸುವ ಆವೇಶ ತನ್ನ ಸುತ್ತ ಕಾಂತಕ್ಷೇತ್ರವನ್ನು ಹುಟ್ಟಿಸುತ್ತದೆ ಎಂಬುದು ಇದರ ಅರ್ಥ. ಅದಾದ ಮೇಲೆ ಮೈಕೇಲ್ ಫ್ಯಾರಡೆ ಅದನ್ನೇ ತಿರುಗಿಸಿ ಕೇಳಿದ: ವಿದ್ಯುತ್ತಿನಿಂದ ಕಾಂತತ್ವ ಬರುವುದಾದರೆ ಕಾಂತತ್ವದಿಂದ ವಿದ್ಯುತ್ ಏಕೆ ಬರಬಾರದು? ಪುಸ್ತಕಕ್ಕೆ ರಟ್ಟು ಕಟ್ಟುವ ಅಂಗಡಿಯಲ್ಲಿ ಕೆಲಸ ಕಲಿತು, ಕೈಗೆ ಬಂದ ಪುಸ್ತಕಗಳನ್ನೇ ಓದಿ ಬೆಳೆದ ಅವನಿಗೆ 1831ರಲ್ಲಿ ಉತ್ತರ ದೊರೆಯಿತು. ಸುರುಳಿಯ ಬಳಿ ಕಾಂತವನ್ನು ಸುಮ್ಮನೆ ಇಟ್ಟರೆ ಏನೂ ಆಗದು. ಅದನ್ನು ಒಳಹೊರಗೆ ಆಡಿಸಿದರೆ ತಂತಿಯಲ್ಲಿ ವಿದ್ಯುತ್ ಹರಿಯುತ್ತದೆ. ಬದಲಾಗುವ ಕಾಂತಕ್ಷೇತ್ರ ಬೇಕು, ಬರೀ ಕಾಂತಕ್ಷೇತ್ರ ಸಾಲದು. 1865ರಲ್ಲಿ ಜೇಮ್ಸ್ ಕ್ಲರ್ಕ್ ಮ್ಯಾಕ್ಸ್‌ವೆಲ್ ಇದೆಲ್ಲವನ್ನೂ ಸಮೀಕರಣಗಳಲ್ಲಿ ಹೆಣೆದಾಗ, ಈ ಎರಡು ಕ್ಷೇತ್ರಗಳು ಒಂದನ್ನೊಂದು ಹುಟ್ಟಿಸುತ್ತ ಅಲೆಯಾಗಿ ಸಾಗಬಲ್ಲವೆಂದೂ ಅದರ ವೇಗ ಬೆಳಕಿನ ವೇಗವೇ ಎಂದೂ ತಿಳಿಯಿತು. ಬೆಳಕು, ರೇಡಿಯೊ, ಎಕ್ಸ್ ಕಿರಣ ಎಲ್ಲವೂ ಅಂಥ ಅಲೆಗಳೇ.

ಫ್ಯಾರಡೆಯ ಆ ಪ್ರಯೋಗದಿಂದ ಜನರೇಟರ್ ಬಂತು, ಊರ್ಸ್ಟೆಡ್ ಕಂಡದ್ದರಿಂದ ಮೋಟಾರು. ಎರಡರ ಒಳಗೂ ಇರುವುದು ತಾಮ್ರದ ಸುರುಳಿ ಮತ್ತು ಕಾಂತ. ತಿರುಗಿಸಿದರೆ ವಿದ್ಯುತ್ ಕೊಡುವುದು ಜನರೇಟರ್, ವಿದ್ಯುತ್ ಕೊಟ್ಟರೆ ತಿರುಗುವುದು ಮೋಟಾರು. ಅಡುಗೆಮನೆಯ ಮಿಕ್ಸಿಯಿಂದ ತೋಟದ ಪಂಪ್‌ಸೆಟ್ಟಿನವರೆಗೆ ಇದೇ ತತ್ವ.

ತಂತಿಯಲ್ಲಿ ಹರಿಯುವ ಎಲೆಕ್ಟ್ರಾನುಗಳು ಸ್ಥಾವರದಿಂದ ಮನೆಗೆ ಓಡಿಬರುತ್ತವೆ ಎಂಬ ಕಲ್ಪನೆ ನಿಜವಲ್ಲ. ಒಂದು ಚದರ ಮಿಲಿಮೀಟರ್ ಅಡ್ಡಕೊಯ್ತದ ತಾಮ್ರದ ತಂತಿಯಲ್ಲಿ ಒಂದು ಆಂಪಿಯರ್ ನೇರ ಪ್ರವಾಹವಿದ್ದರೆ ಎಲೆಕ್ಟ್ರಾನುಗಳು ಸರಾಸರಿ ಮುಂದೆ ಸರಿಯುವುದು ಗಂಟೆಗೆ ಸುಮಾರು 26 ಸೆಂಟಿಮೀಟರ್. ಮನೆಯ ಪರ್ಯಾಯ ಪ್ರವಾಹದಲ್ಲಿ ಅಷ್ಟೂ ಇಲ್ಲ, ಸೆಕೆಂಡಿಗೆ 50 ಬಾರಿ ಹಿಂದೆ ಮುಂದೆ ತೂಗಾಡುತ್ತವೆ, ಅಷ್ಟೆ. ಸ್ವಿಚ್ ಒತ್ತಿದೊಡನೆ ದೀಪ ಹತ್ತುವುದು ತಂತಿಯುದ್ದಕ್ಕೂ ಮೊದಲೇ ತುಂಬಿರುವ ಎಲೆಕ್ಟ್ರಾನುಗಳೆಲ್ಲ ಹೆಚ್ಚುಕಡಿಮೆ ಒಟ್ಟಿಗೇ ಕದಲುವುದರಿಂದ. ಕದಲಿಸುವ ವಿದ್ಯುತ್ ಕ್ಷೇತ್ರ ಬೆಳಕಿಗೆ ಹತ್ತಿರದ ವೇಗದಲ್ಲಿ ಬರುತ್ತದೆ. ಅವನ್ನು ಕದಲಿಸುವ ಒತ್ತಾಸೆಯೇ ವೋಲ್ಟೇಜು, ಅಂದರೆ ವಿಭವಾಂತರ. ನೀರಿಗೆ ಎತ್ತರವಿದ್ದಂತೆ ವಿದ್ಯುತ್ತಿಗೆ ಅದು; ಎತ್ತರ ತಗ್ಗು ಇಲ್ಲದ ಕಡೆ ಹರಿವಿಲ್ಲ. ತಂತಿಯ ಅಡ್ಡಿಗೆ ರೋಧ ಎಂದು ಹೆಸರು. ವೋಲ್ಟೇಜನ್ನು ರೋಧದಿಂದ ಭಾಗಿಸಿದರೆ ಪ್ರವಾಹ ಎಂಬುದು 1827ರಲ್ಲಿ ಜರ್ಮನಿಯ ಗಿಯೋರ್ಗ್ ಓಮ್ ಪ್ರಕಟಿಸಿದ ನಿಯಮ. 230 ವೋಲ್ಟಿನಲ್ಲಿ 2,000 ವಾಟ್ ಎಳೆಯುವ ಗೀಸರಿನಲ್ಲಿ ಹರಿಯುವುದು ಸುಮಾರು 8.7 ಆಂಪಿಯರ್.

ಎರಡೂ ಮೂಲಬಲಗಳು ಒಟ್ಟಿಗೆ ದುಡಿಯುವುದನ್ನು ನೋಡಲು ಕನ್ನಡಿಗರು ದೂರ ಹೋಗಬೇಕಿಲ್ಲ. ಮೈಸೂರು ಸಂಸ್ಥಾನ ಕಾವೇರಿಯ ಶಿವನಸಮುದ್ರದಲ್ಲಿ ಕಟ್ಟಿದ ಜಲವಿದ್ಯುತ್ ಕೇಂದ್ರ 1902ರಲ್ಲಿ ಕೆಲಸ ಶುರುಮಾಡಿತು. ನೀರನ್ನು ಕೆಳಕ್ಕೆ ಎಳೆದು ಚಕ್ರ ತಿರುಗಿಸುವುದು ಗುರುತ್ವ, ಆ ತಿರುಗಾಟವನ್ನು ವಿದ್ಯುತ್ತಾಗಿಸುವುದು ಫ್ಯಾರಡೆಯ ನಿಯಮ. ಗುರುತ್ವ ಎಷ್ಟು ದುರ್ಬಲ ಎಂಬುದು ಇಲ್ಲಿ ಲೀಟರುಗಳಲ್ಲಿ ಕಾಣುತ್ತದೆ: ಯಾವ ನಷ್ಟವೂ ಇಲ್ಲವೆಂದುಕೊಂಡರೂ ಒಂದು ಯೂನಿಟ್ ವಿದ್ಯುತ್ತಿಗೆ ಸುಮಾರು 3,670 ಲೀಟರ್ ನೀರು 100 ಮೀಟರ್ ಎತ್ತರದಿಂದ ಇಳಿಯಬೇಕು. ಗೀಸರ್ ಅರ್ಧ ಗಂಟೆ ಉರಿದರೆ ಅಷ್ಟು ಮುಗಿಯಿತು. ಬಿಲ್ಲಿನಲ್ಲಿ ಅಂಕಿಯಾಗಿ ಬರುವ ಯೂನಿಟ್ಟಿನ ಹಿಂದೆ ಇಷ್ಟು ನದಿ ಇದೆ ಎಂಬುದು ಶಾಲೆಯಲ್ಲೇ ತಿಳಿಯಬೇಕಾದ ವಿಷಯ.

ಶಿವನಸಮುದ್ರದ ವಿದ್ಯುತ್ ಮೊದಲು ಹೋದದ್ದು ಸುಮಾರು 150 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗಳಿಗೆ. ಆ ಕಾಲಕ್ಕೆ ಅದು ಜಗತ್ತಿನ ಅತಿ ಉದ್ದದ ವಿದ್ಯುತ್ ಮಾರ್ಗಗಳಲ್ಲಿ ಒಂದು. ಬೆಂಗಳೂರಿನ ಬೀದಿಗೆ ದೀಪ ಬಂದದ್ದು 1905ರಲ್ಲಿ. ಅಷ್ಟು ದೂರ ಸಾಗಿಸುವಾಗ ತಂತಿ ಬಿಸಿಯಾಗಿ ಶಕ್ತಿ ಸೋರುತ್ತದೆ, ಸೋರಿಕೆ ಪ್ರವಾಹದ ವರ್ಗದಂತೆ ಏರುತ್ತದೆ. ವೋಲ್ಟೇಜನ್ನು ಹತ್ತು ಪಟ್ಟು ಏರಿಸಿದರೆ ಅಷ್ಟೇ ಶಕ್ತಿಗೆ ಪ್ರವಾಹ ಹತ್ತನೆಯ ಒಂದು ಪಾಲು ಸಾಕು, ನಷ್ಟ ನೂರನೆಯ ಒಂದು ಪಾಲಿಗೆ ಇಳಿಯುತ್ತದೆ. ಅದಕ್ಕೇ ಲಕ್ಷಗಟ್ಟಲೆ ವೋಲ್ಟಿನ ಎತ್ತರದ ಗೋಪುರಗಳು. ಊರಿನ ಹತ್ತಿರ 11,000 ವೋಲ್ಟಿಗೆ ಇಳಿಸಿ, ರೈತರು ಟಿಸಿ ಎಂದು ಕರೆಯುವ ಕಂಬದ ಮೇಲಿನ ಟ್ರಾನ್ಸ್‌ಫಾರ್ಮರಿನಲ್ಲಿ ಮತ್ತೆ ಇಳಿಸಿದ ಮೇಲೆ ಮನೆಗೆ 230 ವೋಲ್ಟ್ ಬರುತ್ತದೆ.

ಈ 230 ವೋಲ್ಟೇ ಜೀವ ತೆಗೆಯಲು ಧಾರಾಳ ಸಾಕು. ಒದ್ದೆ ಮೈಯ ರೋಧ ಸುಮಾರು 1,000 ಓಮ್‌ಗೆ ಇಳಿಯಬಹುದು. ಓಮ್‌ನ ನಿಯಮದಂತೆ ಆಗ ಹರಿಯುವುದು ಆಂಪಿಯರಿನ ಸಾವಿರದಲ್ಲಿ 230 ಪಾಲು. ಕೈ ಹಿಡಿದದ್ದನ್ನು ಬಿಡಲಾಗದಂತಾಗಲು 10-20 ಪಾಲು ಸಾಕು; 50-100ಕ್ಕೆ ಬಂದರೆ ಹೃದಯದ ಲಯ ತಪ್ಪಬಹುದು. ಫ್ಯೂಸು ಅಥವಾ ಎಂಸಿಬಿ ಇದೆಯಲ್ಲ ಎಂದು ನಿಶ್ಚಿಂತೆಯಿಂದ ಇರುವಂತಿಲ್ಲ. ಅವು ಕಾಯುವುದು ತಂತಿಯನ್ನು, ಮನುಷ್ಯನನ್ನಲ್ಲ. ಹತ್ತಾರು ಆಂಪಿಯರ್ ಹರಿದಾಗ ಕಡಿಯುವ ಸಾಧನಕ್ಕೆ ಕೊಲ್ಲಲು ಸಾಕಾಗುವ ಸಣ್ಣ ಪ್ರವಾಹ ಗೊತ್ತಾಗುವುದೇ ಇಲ್ಲ. ಮೂರನೆಯ ಪಿನ್ನಿಗೆ ಸರಿಯಾದ ಅರ್ಥಿಂಗ್ ಇದ್ದರೆ ಸೋರಿದ ವಿದ್ಯುತ್ತು ಸಲೀಸಾದ ದಾರಿಯಲ್ಲಿ ನೆಲ ಸೇರುತ್ತದೆ. ಆಂಪಿಯರಿನ ಸಾವಿರದಲ್ಲಿ 30 ಪಾಲಿನ ಸೋರಿಕೆಯನ್ನೇ ಗುರುತಿಸಿ ಕಣ್ಣು ಮಿಟುಕಿಸುವಷ್ಟರಲ್ಲಿ ಸಂಪರ್ಕ ಕಡಿಯುವ ಆರ್‌ಸಿಸಿಬಿ ಎಂಬ ಸಾಧನ ವಿದ್ಯುತ್ ಸಾಮಾನಿನ ಅಂಗಡಿಗಳಲ್ಲಿ ಸಿಗುತ್ತದೆ. ಮನೆಯ ಬೋರ್ಡಿನಲ್ಲಿ ಅದಿಲ್ಲದಿದ್ದರೆ ಹಾಕಿಸಬೇಕು, ಇದ್ದರೆ ಅದರ ಮೇಲಿನ ಪರೀಕ್ಷಾ ಗುಂಡಿಯನ್ನು ಆಗಾಗ ಒತ್ತಿ ನೋಡಬೇಕು.

ಹೊಲದಲ್ಲಿ, ರಸ್ತೆಯಲ್ಲಿ ತುಂಡಾಗಿ ಬಿದ್ದ ತಂತಿಯ ಲೆಕ್ಕ ಇನ್ನೂ ಕಠಿಣ. ಅದನ್ನು ಮುಟ್ಟಲೇಬೇಕೆಂದಿಲ್ಲ. ತಂತಿ ತಾಗಿದ ಜಾಗದಿಂದ ದೂರ ಹೋದಂತೆ ನೆಲದ ವೋಲ್ಟೇಜು ಇಳಿಯುತ್ತ ಹೋಗುತ್ತದೆ. ಒಂದು ಕಾಲು ಹತ್ತಿರ, ಇನ್ನೊಂದು ದೂರ ಇದ್ದರೆ ಎರಡರ ನಡುವೆ ವಿಭವಾಂತರ ಉಂಟಾಗಿ ಪ್ರವಾಹ ಮೈಯೊಳಗೆ ಹಾಯುತ್ತದೆ. ಮುಂಗಾಲು ಹಿಂಗಾಲುಗಳ ಅಂತರ ಹೆಚ್ಚಿರುವ ದನಕರುಗಳು ಮಳೆಗಾಲದಲ್ಲಿ ಹೀಗೆ ಬಲಿಯಾಗುತ್ತವೆ. ಒಂದೇ ತಂತಿಯ ಮೇಲೆ ಕೂತ ಹಕ್ಕಿಗೆ ಏನೂ ಆಗದಿರುವುದು ಅದರ ಎರಡು ಕಾಲುಗಳ ನಡುವೆ ಲೆಕ್ಕಕ್ಕೆ ಸಿಗುವಷ್ಟು ವ್ಯತ್ಯಾಸ ಇಲ್ಲದಿರುವುದರಿಂದ. ಬಿದ್ದ ತಂತಿ ಕಂಡರೆ ಹತ್ತು ಮೀಟರ್ ಆಚೆಯೇ ನಿಲ್ಲಬೇಕು, ಹತ್ತಿರ ಸಿಕ್ಕಿಕೊಂಡವರು ಪಾದಗಳನ್ನು ಕೂಡಿಸಿಕೊಂಡು ಸಣ್ಣ ಸಣ್ಣದಾಗಿ ಸರಿಯುತ್ತ ಹೊರಬರಬೇಕು, ದನಗಳನ್ನು ಆ ಕಡೆ ಬಿಡಬಾರದು. ತಕ್ಷಣ ವಿದ್ಯುತ್ ಸಹಾಯವಾಣಿ 1912ಕ್ಕೆ ಕರೆ ಮಾಡಿ, ಲೈನ್ ಬಂದ್ ಆಗಿದೆ ಎಂದು ಲೈನ್‌ಮನ್ ಹೇಳುವವರೆಗೆ ಯಾರನ್ನೂ ಹತ್ತಿರ ಬಿಡಬೇಡಿ.